ಓಡುವುದು, ಸೋರುವುದು, ನಿಲ್ಲುವುದು

ಮೇ 28, ಬುಧವಾರ

ಅಕ್ಷರ ಕೋಳಿ ಕೆದರಿದ ಹಾಗಿದೆ. ಒತ್ತಕ್ಷರಗಳೂ ಅಲ್ಲಲ್ಲಿ ತಪ್ಪಿರಬಹುದು. ಓದುವವರು ಯಾರೂ ಇಲ್ಲ. ಆದರೂ ಕ್ಷಮಿಸಿ ಎಂದು ಮೊದಲೇ ಬರೆದುಬಿಟ್ಟರೆ ಮುಂದಿನದು ಸಲೀಸು. ನಾನು ಓದಿದ್ದು ಐದನೇ ಕ್ಲಾಸು.

ಹಾಲು ಡೇರಿಗೆ ಹಾಕಿ ಬಂದೆ. ಹಿಟ್ಟು ತೊಳಸಿದೆ. ಆಮೇಲೆ ಪ್ರಿಯಾಂಕನ ಇಂಗ್ಲಿಷ್ ಗೈಡು ಹಿಡಿದು ಕೂತೆ. ಪ್ರಿಯಾಂಕ ನಮ್ಮ ಭಾವನ ಮಗಳು. ಅವಳ ತಾಯಿ, ನನ್ನ ಓರಗಿತ್ತಿ, ತೀರಿಕೊಂಡ ಮೇಲೆ ನನ್ನ ಪಕ್ಕದಲ್ಲೇ ಮಲಗುತ್ತಾಳೆ. ಸೆಕೆಂಡ್ ಪಿಯುಸಿಯಲ್ಲಿ ಇಂಗ್ಲಿಷ್ ಒಂದು ಬಿಟ್ಟು ಎಲ್ಲ ಪಾಸು. ಇಂಗ್ಲಿಷ್ ಎರಡು ಸಲ ಹೋಯಿತು. ಈಗ ಮೂರನೆಯದು. ಪಾಸಾದರೆ ಮೈಸೂರಿನಲ್ಲಿ ನರ್ಸಿಂಗ್, ಇಲ್ಲದಿದ್ದರೆ ಮದುವೆ — ಭಾವ ಹೇಳಿಬಿಟ್ಟಿದ್ದಾರೆ.

ಅವಳು ಹೇಳುವುದು, ನಾನು ಕೇಳುವುದು. ನನಗೆ ಅರ್ಥವಾದರೆ ಅವಳಿಗೆ ಬಂತು ಎಂದು ಲೆಕ್ಕ.

ಜೂನ್ 2

ಇವತ್ತು ‘ರನ್’. ಓಡು ಅಂತ ನನಗೂ ಗೊತ್ತಿತ್ತು. ಅಷ್ಟೇ ಅಲ್ಲವಂತೆ. ಗೈಡಿನಲ್ಲಿ ಒಂದು ಪುಟ ತುಂಬ ಅದೇ.

“ನಲ್ಲೀಲಿ ನೀರ್ ಬರದೂ ರನ್ನೇ ಚಿಕ್ಕಮ್ಮ. ಮೂಗ್ ಸೋರದೂ ರನ್. ಸೀರೆ ಬಣ್ಣ ಬುಡದೂ ರನ್. ಅಂಗಡಿ ನಡ್ಸದೂ ರನ್.”

“ಒಂದಕ್ಕೇ ಇಷ್ಟೊಂದ್ ಕೆಲ್ಸನಾ? ಮನೆ ಸೊಸೆ ಇದ್ದಂಗದೆ ಬುಡು.”

ನಕ್ಕೂ ನಕ್ಕೂ ಬಿಕ್ಕಳಿಕೆ ಬಂತು ಅವಳಿಗೆ. ಆಮೇಲೆ ಇನ್ನೊಂದು ಸಿಕ್ಕಿತು. ಎಲೆಕ್ಷನ್ನಿಗೆ ನಿಲ್ಲುವುದೂ ರನ್! ನಮ್ಮವರು ನಿಲ್ಲುತ್ತಾರೆ, ಅವರು ಓಡುತ್ತಾರೆ. ಭಾವ ಹೋದ ವರ್ಷ ಡೇರಿ ಎಲೆಕ್ಷನ್ನಿಗೆ ನಿಂತು ಸೋತವರು.

“ನಮ್ಮಪ್ಪ ನಿಂತ್ಕಂಡಿದ್ಕೇ ಸೋತಿದ್ದು. ಓಡಿದ್ರೆ ಗೆಲ್ತಿತ್ತೇನೋ.”

ಜಗಲಿಯಲ್ಲಿ ಭಾವ ಕೆಮ್ಮಿದರು. ಇಬ್ಬರೂ ಬಾಯಿಗೆ ಸೆರಗು, ದುಪಟ್ಟ ತುರುಕಿಕೊಂಡೆವು.

ಜೂನ್ 9

ತಮ್ಮಯ್ಯ ಬಂದಿದ್ದ. ಸಂಬಂಧ ಕೂಡಿಸುವವನು. ನಾಗಮಂಗಲದ ಕಡೆಯ ಹುಡುಗ, ಟ್ರಾಕ್ಟರ್ ಷೋರೂಮಿನಲ್ಲಿ ಕೆಲಸ. ಅಡುಗೆಮನೆಗೆ ಎಲ್ಲ ಕೇಳುತ್ತಿತ್ತು.

“ಇಪ್ಪತ್ತಾರ್ಕೆ ಆಷಾಢ ಉಟ್ತದೆ ಕಣ್ ದೇವರಾಜು. ಅಷ್ಟ್ರೊಳ್ಗೆ ಬಂದು ನೋಡ್ಕಂಡ್ ವೋಗ್ಲಿ. ಇಪ್ಪತ್ನೇ ತಾರೀಕು ಶುಕ್ರವಾರ ಅದೆ. ಹತ್ತೂವರೆಗೆ ರಾಹುಕಾಲ, ಒಂಬತ್ಕೆಲ್ಲ ಬಂದ್ಬುಡ್ತಾರೆ.”

“ಆಗ್ಲಿ ಬರೇಳು,” ಅಂದರು ಭಾವ.

ಇಪ್ಪತ್ತು! ಅವತ್ತೇ ಇಂಗ್ಲಿಷ್ ಪರೀಕ್ಷೆ. ಹತ್ತು ಗಂಟೆಗೆ, ಕೆ.ಆರ್. ಪೇಟೆಯಲ್ಲಿ. ಭಾವನಿಗೆ ಮರೆತಿದೆಯೋ, ನೆನಪಿದ್ದೇ ಒಪ್ಪಿದರೋ…

ಪ್ರಿಯಾಂಕ ಒಲೆಯ ಮುಂದೆ ಕೂತಿದ್ದಳು. ಉರಿ ಆರಿದ್ದೂ ನೋಡಲಿಲ್ಲ.

ಜೂನ್ 10

ಮದುವೆಯಾಗಿ ಆರು ವರ್ಷ. ಭಾವನ ಎದುರು ನಿಂತು ಒಂದು ಮಾತೂ ಆಡಿಲ್ಲ. ಈ ಮನೆಯಲ್ಲಿ ಕಿರಿಸೊಸೆ ಮಾತಾಡುವ ರೂಢಿಯಿಲ್ಲ. ನಾನು ಅತ್ತೆಗೆ ಹೇಳುತ್ತೇನೆ, ಅತ್ತೆ ಮಗನಿಗೆ ಹೇಳುತ್ತಾರೆ. ಮೂವರೂ ಒಂದೇ ಕಡೆ ಇದ್ದರೂ ಅಷ್ಟೇ.

ಧೈರ್ಯ ಮಾಡಿ ಬಾಗಿಲ ಮರೆಯಲ್ಲಿ ನಿಂತೆ.

“ಅತ್ತೆ, ಅವತ್ತೇ ಪರೀಕ್ಷೆ ಅದೆ ಅಂತ ಭಾವಂಗೆ ಏಳಿ.”

ಭಾವ ಅಲ್ಲೇ ಕೂತು ಹಗ್ಗ ಹೊಸೆಯುತ್ತಿದ್ದರು. ಕೇಳಿಸಿತ್ತು. ಆದರೂ ಅತ್ತೆ, “ಲೇ ದೇವರಾಜ, ಅವತ್ತು ಮಗೀಗೆ ಪರೀಕ್ಸೆ ಅಂತೆ ಕಣ್ಲಾ,” ಅಂದರು.

“ಗೊತ್ತು ಕಣವ್ವ. ಎಲ್ಡ್ ಸಲ ಬರ್ದು ಕಿಸ್ದಿರದು ಕಂಡಿಲ್ವಾ? ಮಾತ್ ಕೊಟ್ಟಾಗದೆ. ಎಲೆಕ್ಸನ್ ಸೋತಾಗ ನಗಾಡಿದ್ರಲ್ಲ ಊರೋರು, ಈಗ ಮಾತ್ಗೂ ತಪ್ದ ಅಂತ ನಗಾಡ್ಲಾ? ಸುಮ್ಕಿರಾಕೇಳು.”

ಅತ್ತೆ ನನ್ನ ಕಡೆ ತಿರುಗಿದರು. “ಸುಮ್ಕಿರ್ಬೇಕಂತೆ.”

ಜೂನ್ 17

ಒಂದು ವಾರ ಬರೆಯಲಿಲ್ಲ. ಬರೆಯಲು ಏನಿತ್ತು? ಪ್ರಿಯಾಂಕ ಗೈಡು ಮುಟ್ಟಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ಅತ್ತೆ ಪೆಟ್ಟಿಗೆಯಿಂದ ಹಸಿರು ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಾರೆ.

ನಗಿಸೋಣ ಎಂದು ಹೋದೆ. “ರನ್ನೇ ದೊಡ್ಡದಾ? ನಮ್ ಕಟ್ಟು ಏನ್ ಕಮ್ಮಿ? ಹಸ ಕಟ್ತೀವಿ, ಬುತ್ತಿ ಕಟ್ತೀವಿ, ಮನೆ ಕಟ್ತೀವಿ, ಫೀಸ್ ಕಟ್ತೀವಿ. ನೆಗಡಿ ಬಂದ್ರೆ ಮೂಗೂ ಕಟ್ಕತದೆ.”

“ತಾಳಿ ಬುಟ್ಬುಟ್ಯಲ್ಲ ಚಿಕ್ಕಮ್ಮ,” ಅಂದಳು. ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅರ್ಧ ಮುದ್ದೆ ಹಾಗೇ ಇತ್ತು.

ಜೂನ್ 19, ಸಂಜೆ

ನಮ್ಮ ಯಜಮಾನರಿಗೆ ಫೋನು ಮಾಡಿದೆ. ಪಾಂಡವಪುರದಲ್ಲಿ ಲಾರಿ ಲೋಡಿಗೆ ಕಾಯುತ್ತಿದ್ದರು. “ಅಣ್ಣನ್ ಮಾತ್ಗೆ ನಾನು ಎದ್ರಾಡಕ್ಕಾದದಾ? ನೀನೂ ತಲೆ ಆಕ್ಬೇಡ,” ಅಂದರು. ಕಟ್.

ಹಿತ್ತಲಲ್ಲಿ ಪ್ರಿಯಾಂಕ ಬಟ್ಟೆ ಒಗೆಯುತ್ತಿದ್ದಳು. ಕಲ್ಲಿಗೆ ಬಡಿಯುತ್ತಿದ್ದಳು ಎನ್ನಬೇಕು. ಪಕ್ಕದಲ್ಲಿ ಕೂತೆ.

“ಬೆಳಗ್ಗೆ ಏಳೂವರೆ ಬಸ್ಸಿಗೆ ನಾನೇ ಹತ್ತುಸ್ತೀನಿ. ಬರ್ದು ಬಾ.”

“ಅಪ್ಪ?”

“ಅದ್ ನನ್ಗಿರ್ಲಿ.”

ಅವಳು ಸೋಪಿನ ಕೈ ಲಂಗಕ್ಕೆ ಒರೆಸಿಕೊಂಡು ಒಳಗೆ ಓಡಿದಳು. ಗೈಡು ತಂದು ನನ್ನ ಮಡಿಲಿಗೆ ಹಾಕಿದಳು. “ಕೇಳು.”

ಕೇಳಿದೆ. ಅಜ್ಜಿಗೂ ಅಪ್ಪನಿಗೂ ಮಗಳಿಗೂ ಒಂದೇ ಥರ ಕೋಪ ಬಂದರೆ, ಅದು ವಂಶದಲ್ಲಿ ಬಂದದ್ದು — ಅದೂ ‘ರನ್’ ಅಂತೆ. ಅವಳು ಸರಿಯಾಗೇ ಹೇಳಿದಳು. ನನಗೆ ಕಿವಿಯಲ್ಲಿ ಕೂರುತ್ತಿರಲಿಲ್ಲ. ಅದ್ ನನ್ಗಿರ್ಲಿ ಅಂದೆನಲ್ಲ… ಯಾವ ಬಾಯಲ್ಲಿ ಅಂದೆ?

ಜೂನ್ 20, ಶುಕ್ರವಾರ, ಬೆಳಗ್ಗೆ 7.50

ಭಾವ ಹಾಲು ಹಾಕಲು ಹೋದ ಹೊತ್ತಿಗೆ ಹೊರಟೆವು. ಕಿಕ್ಕೇರಿ ರಸ್ತೆಯ ಬೇವಿನ ಮರದ ಕೆಳಗೆ ನಿಂತೆವು. ಬಸ್ಸು ತಡ. ದೂರದಲ್ಲಿ ಬೈಕಿನ ಸದ್ದಾದಾಗಲೆಲ್ಲ ಅವಳು ನನ್ನ ಬೆನ್ನ ಹಿಂದೆ ಸರಿಯುತ್ತಿದ್ದಳು.

“ಜ್ವರ ಬರದು?” ಎಂದು ಕೇಳಿದೆ.

“ರನ್.”

“ಟೈಮ್ ಮುಗಿಯದು?”

“ರನ್ ಔಟ್.”

ಬಸ್ಸು ಬಂತು. ಕಿಟಕಿಯಿಂದ ಕೈ ಬೀಸಲಿಲ್ಲ ಅವಳು, ತಲೆ ತಗ್ಗಿಸಿ ಗೈಡು ನೋಡುತ್ತಿದ್ದಳು. ಒಳ್ಳೆಯದೇ ಆಯಿತು.

8.40

ಹೇಳಿದೆ.

ಭಾವ ಬಿಳಿ ಷರಟು ಹಾಕಿ ಜಗಲಿಯಲ್ಲಿ ಕೂತಿದ್ದರು. “ಪ್ರಿಯಾಂಕಾ” ಎಂದು ಎರಡು ಸಲ ಕೂಗಿದರು. ನಾನು ಬಾಗಿಲ ಮರೆಗೆ ಬಂದೆ. “ಅತ್ತೆ, ಭಾವಂಗೆ ಏಳಿ…” ಎಂದು ಶುರು ಮಾಡಿದೆ.

ಅತ್ತೆ ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. “ಇವತ್ಯಾಕೋ ನಂಗೆ ಕಿವಿ ಕೇಳಕ್ಕಿಲ್ಲ ಕಣವ್ವ. ನೀನೇ ಏಳ್ಕೊ.” ಹಿತ್ತಲಿಗೆ ನಡೆದೇಬಿಟ್ಟರು.

ಭಾವ, ನಾನು. ನಡುವೆ ಹೊಸ್ತಿಲು. ದಾಟಿದೆ.

“ಪ್ರಿಯಾಂಕ ಪರೀಕ್ಷೆಗೋದ್ಲು ಭಾವ. ನಾನೇ ಬಸ್ ಹತ್ತಿಸ್ಬಂದೆ.”

ಅವರು ನನ್ನನ್ನು ನೋಡಲಿಲ್ಲ. ನೆಲ ನೋಡಿದರು. ಕತ್ತಿನ ನರ ಉಬ್ಬಿತು. ಹೊಡೆಯುತ್ತಾರೆ ಅಂದುಕೊಂಡೆ. ಬೈಕಿನ ಕೀ ತೆಗೆದುಕೊಂಡರು. ಅಂಗಳದವರೆಗೆ ಹೋದರು. ಅಲ್ಲೇ ನಿಂತರು, ನನಗೆ ಬೆನ್ನು ಮಾಡಿ.

“ಆಲ್ ಟಿಕೆಟ್ ತಕ್ಕಂಡ್ಲಾ?”

“ತಕ್ಕಂಡ್ಲು.”

ಕೀ ಜೇಬಿಗೆ ಹಾಕಿದರು. ತಿರುಗಿದರು. ಮುಖದ ಬಿಗಿ ಮಾತ್ರ ಸಡಿಲಿರಲಿಲ್ಲ.

“ಬಂದೋರ್ ತಾವ ನೀನೇ ಮಾತಾಡು. ನಾನ್ ಬಾಯ್ ಬುಡಕ್ಕಿಲ್ಲ.”

9.05

ಕಾರು ಬಂತು. ಬಾಗಿಲು ಹಾಕಿದ ಸದ್ದು ಒಂದು, ಎರಡು, ಮೂರು… ಎಷ್ಟು ಜನ ಬಂದಿದ್ದಾರೋ. ತಮ್ಮಯ್ಯನ ನಗು ಕೇಳುತ್ತಿದೆ. ಭಾವ ಕೂತಲ್ಲಿಂದ ಏಳಲಿಲ್ಲ, ಒಳಗೆ ನನ್ನ ಕಡೆ ನೋಡುತ್ತಿದ್ದಾರೆ. ಹೋಗಬೇಕು. ನಡುಮನೆಯಲ್ಲಿ ಹುಡುಗಿ ಕೂರಲೆಂದು ಹಾಸಿದ್ದ ಚಾಪೆಯನ್ನು ಈಗಷ್ಟೇ ಸುತ್ತಿ ಗೋಡೆಗೆ ಒರಗಿಸಿದೆ —