ಗೇರಿನ ಪಕ್ಕದ ಹೋಲ್‌ಸ್ಟರ್

ವೆರಿಬೀ, ಭಾನುವಾರ

ಅಪ್ಪನಿಗೆ ನಮಸ್ಕಾರ.

ನೀವು ಸಬ್‌ಇನ್‌ಸ್ಪೆಕ್ಟರ್ ಆಗಿದ್ದಾಗ ರಿವಾಲ್ವರ್ ಇಡುತ್ತಿದ್ದ ಚರ್ಮದ ಹೋಲ್‌ಸ್ಟರ್ ತಲುಪಿತು. "ಪಿಕಪ್‌ನಲ್ಲಿ ಕೈಗೆಟುಕೋ ಹಾಗೆ ಕೂರಿಸ್ಕೋ, ಒಂದು ಪಿಸ್ತೂಲ್ ತಗೋ, ಒಬ್ಬಳೇ ಓಡಾಡ್ತೀಯ" ಎಂದು ಬರೆದಿದ್ದೀರಿ. ಮೊದಲನೆಯದನ್ನು ಮಾಡಿದ್ದೇನೆ. ದಿನವೂ ಸೂರು ಹತ್ತಿ ಸೋಲಾರ್ ಪ್ಯಾನೆಲ್ ಕೂರಿಸುವವಳಿಗೆ ಅದೇನು ದೊಡ್ಡ ಕೆಲಸ? ಗೇರಿನ ಪಕ್ಕ ಕಬ್ಬಿಣದ ಪಟ್ಟಿ ಕೊಟ್ಟು, ಬೋಲ್ಟ್ ಹಾಕಿ ಬಿಗಿದೆ. ಫ್ರೀವೇಯಲ್ಲೂ ಅಲುಗುವುದಿಲ್ಲ. ಪಿಸ್ತೂಲ್ ಮಾತ್ರ ಇಲ್ಲ. ಆತ್ಮರಕ್ಷಣೆಗೆಂದರೆ ಈ ದೇಶದಲ್ಲಿ ಲೈಸೆನ್ಸ್ ಕೊಡುವುದಿಲ್ಲ, ನನಗೆ ಬೇಕಾಗಿಯೂ ಇಲ್ಲ.

ಆಯುಧಪೂಜೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಹೋದೆ. ಹಣ್ಣು ಜಜ್ಜಿ ಮನೆ ಮುಂದಿನ ಡ್ರೈವ್‌ವೇಗೆ ಕಲೆಯಾದರೆ ಮನೆ ಮಾಲೀಕರ ಕಾಟ. ಅದಕ್ಕೇ ಕುಂಕುಮ ಹಚ್ಚಿದ ಹಣ್ಣನ್ನು ಹೋಲ್‌ಸ್ಟರಿನೊಳಗೆ ತುರುಕಿ ಗುಂಡಿ ಹಾಕಿಟ್ಟೆ.

ಮೊನ್ನೆ ಕುಶಾಲ್ ಸಿಡ್ನಿಯಿಂದ ಬಂದಿದ್ದ. ಡಿವೋರ್ಸ್ ಆದಮೇಲೂ ನನ್ನ ಹೊಸ ವಿಳಾಸ ಅವನಿಗೆ ಹೇಗೆ ಸಿಕ್ಕಿತೋ, ಪೊಲೀಸರು ವಿಚಾರಿಸುತ್ತಿದ್ದಾರೆ. ಪಿಕಪ್ ಬಾಗಿಲು ಹಿಡಿದು ನಿಂತವನು, ಉಬ್ಬಿದ ಹೋಲ್‌ಸ್ಟರ್ ನೋಡಿ ಮಾತು ನಿಲ್ಲಿಸಿದ.

"ಅದ್ರೊಳಗೇನಿದೆ?"

"ನಿಂಬೆಹಣ್ಣು."

ಅವನು ನನ್ನ ಮಾತನ್ನು ಎಂದೂ ನಂಬಿದವನಲ್ಲ. ಬಾಗಿಲು ಬಿಟ್ಟು ಹಿಂದಕ್ಕೆ ಸರಿದ. ನಾನು ಗಾಡಿ ಸ್ಟಾರ್ಟ್ ಮಾಡಿಕೊಂಡು ಕೆಲಸಕ್ಕೆ ಹೋದೆ.

ಹೋಲ್‌ಸ್ಟರಿನ ಗುಂಡಿ ಸಡಿಲವಾಗಿದೆ, ಅದೇ ಅಳತೆಯದು ಸಿಕ್ಕರೆ ಕಳಿಸಿ. ಬೇರೇನೂ ಬೇಡ. ಕುಶಾಲ್ ಬಂದಿದ್ದು ಅಮ್ಮನಿಗೆ ತಿಳಿಯುವುದು ಬೇಡ. ನಿಂಬೆಹಣ್ಣು ಎಲ್ಲಿಟ್ಟಿದ್ದೇನೆ ಅಂತ ಮಾತ್ರ ಹೇಳಿ, ನಗಲಿ.

ನಿಮ್ಮ ಮಗಳು
ಪದ್ಮಿನಿ