ಗಟ್ಟಿಗಿತ್ತಿಯ ಹೊಟ್ಟೆಕಿಚ್ಚು

ಬುಧವಾರ, ನವೆಂಬರ್ ೧೩

ಪ್ರೀತಿಯ ತಂಗಿ,

ಅಕ್ಕ ಪತ್ರಕ್ಕೆ ಉತ್ತರವನ್ನೇ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಏನು ಮಾಡಲಿ, ಡಯಾಲಿಸಿಸ್ ದಿನ ಸೂಜಿ ಚುಚ್ಚಿದ ಕೈ ಅಲ್ಲಾಡಿಸುವಂತಿಲ್ಲ, ಮಾರನೆಯ ದಿನ ತಲೆ ಎತ್ತುವುದೇ ಕಷ್ಟ. ಆದರೂ ಇವತ್ತು ಹೊಟ್ಟೆಯುರಿ ತಡೆಯಲಾರದೆ ಬರೆಯಲು ಕೂತಿದ್ದೇನೆ.

ನನ್ನ ಪಕ್ಕದ ಹಾಸಿಗೆಗೆ ಒಬ್ಬ ಟೀಚರಮ್ಮ ಬರುತ್ತಾಳೆ. ನನ್ನದೇ ವಯಸ್ಸು, ಊದಿದರೆ ಹಾರಿಹೋಗುವಂಥ ಹೆಂಗಸು. ಬೇಸಿಗೆ ದಾಟುವುದಿಲ್ಲವೆಂದು ನರ್ಸುಗಳೇ ಪಿಸುಗುಟ್ಟಿದ್ದರು. ಬೇಸಿಗೆ ಹೋಯಿತು, ಮಳೆಯೂ ಹೋಯಿತು, ಆಕೆ ಮಾತ್ರ ಗಾಲಿಕುರ್ಚಿಯಲ್ಲಿ ಮಹಾರಾಣಿಯ ಹಾಗೆ ಬರುತ್ತಲೇ ಇದ್ದಾಳೆ. ಸೊಸೆ ದಿಂಬು ಸರಿಮಾಡಬೇಕು, ನರ್ಸು ಹೊದಿಸಬೇಕು. ಸಾಲದ್ದಕ್ಕೆ ನಿಮ್ಮ ಭಾವ! ಬಾಗಿಲ ಬಳಿ ಪೇಪರು ಓದುತ್ತಾ ಕೂತವರು, ಆಕೆಯ ಮಷೀನು ಕೂಗಿದರೆ ಓಡಿಬರುತ್ತಾರೆ. ನನ್ನದು ಕೂಗಿದರೆ, "ಸಿಸ್ಟರ್, ಸ್ವಲ್ಪ ನೋಡಿ" ಅಂತ ಕೂತಲ್ಲಿಂದಲೇ.

ಕೇಳಿಯೇ ಬಿಟ್ಟೆ. "ಪಾಪ ಕಣೇ ಆಕೆ. ನಿಂಗೇನು, ನೀನು ಗಟ್ಟಿಗಿತ್ತಿ" ಅಂದರು.

ಹೊಲಿಗೆ ಮಷೀನು ತುಳಿದು ಮನೆ ನಡೆಸಿದಾಗಲೂ ಗಟ್ಟಿಗಿತ್ತಿ, ಈಗ ಸೂಜಿ ನನ್ನನ್ನೇ ಹೊಲಿಯುತ್ತಿರುವಾಗಲೂ ಗಟ್ಟಿಗಿತ್ತಿ. ಕೇಳಿ ಕೇಳಿ ಸಾಕಾಗಿದೆ.

ಶನಿವಾರ ಒಂದು ಉಪಾಯ ಮಾಡಿದೆ. ಹಾಸಿಗೆಯಿಂದ ಇಳಿದವಳು ಬೇಕೆಂದೇ ಗೋಡೆ ಹಿಡಿದು ತೂರಾಡಿದೆ. ನಿಮ್ಮ ಭಾವ ನಕ್ಕುಬಿಟ್ಟರು. "ನಾಟಕ ಸಾಕು, ಬಾ, ಆಟೋ ಕಾಯ್ತಿದೆ." ಟೀಚರಮ್ಮನೂ ನಕ್ಕಳು. "ನೀವು ನಡೆಯೋದು ನೋಡಿದ್ರೆ ನಂಗೆ ಹೊಟ್ಟೆಕಿಚ್ಚು ಕಣ್ರೀ" ಅಂದಳು. ಎಲ್ಲಾ ಬಿಟ್ಟು ನನ್ನ ಹೊಟ್ಟೆಕಿಚ್ಚನ್ನೂ ಆಕೆಯೇ ಕಿತ್ತುಕೊಂಡಳು ನೋಡು!

ಇರಲಿ. ನಿನ್ನ ಮೊಮ್ಮಗಳ ಫ್ರಾಕಿನ ಅಳತೆ ಕಳಿಸು, ಕೈ ಆಡುವಾಗಲೇ ಹೊಲಿದುಬಿಡುತ್ತೇನೆ. ಮಕ್ಕಳು ಮರಿ ಎಲ್ಲ ತಣ್ಣಗಿರಲಿ, ನೀನೂ ಹೊತ್ತು ಹೊತ್ತಿಗೆ ಉಂಡು ಸುಖವಾಗಿರು.

ನಿನ್ನ ಅಕ್ಕ

ಬರೆಯಬಾರದು ಅಂದುಕೊಂಡಿದ್ದೆ: ನಿನ್ನೆ ಡಾಕ್ಟರು ನಮ್ಮಿಬ್ಬರ ಕಾಲಿನ ಶಕ್ತಿ ಪರೀಕ್ಷೆ ಮಾಡಿದರು. ಕೈ ಊರದೆ ಕುರ್ಚಿಯಿಂದ ಏಳಬೇಕು, ಅಷ್ಟೇ. ಟೀಚರಮ್ಮ ಗಡಗಡ ನಡುಗುತ್ತಲೇ ಎದ್ದುಬಿಟ್ಟಳು. ನಿಮ್ಮ ಭಾವ ಚಪ್ಪಾಳೆ ತಟ್ಟಿ, ಆಕೆಯ ಗಾಲಿಕುರ್ಚಿ ತಳ್ಳಿಕೊಂಡು ಲಿಫ್ಟಿನವರೆಗೆ ಹೋದರು. ಆಮೇಲೆ ನನ್ನ ಸರದಿ. ಏಳಲಾಗಲಿಲ್ಲ ಕಣೇ. ಇವರು ತಿರುಗಿ ಬಂದು "ಹೇಗಾಯ್ತು?" ಅಂದಾಗ, "ಗಟ್ಟಿಗಿತ್ತಿಗೆ ಏನಾಗತ್ತೆ" ಅಂದೆ. ಮನೆ ಮುಂದೆ ಆಟೋ ಇಳಿಯುವಾಗ ನಿಜವಾಗಿಯೇ ತೂರಾಡಿದೆ. ಅವರು ಮತ್ತೆ ನಕ್ಕರು.