ಕಲ್ಲಿನ ಮೇಲಿಲ್ಲದ ಹೆಸರು

ಅಪ್ಪ,

ನಿನ್ನೆ ನಿನ್ನ ಸಮಾಧಿಗೆ ಹೋಗಿದ್ದೆ. ನಿನ್ನ ದೋಣಿಯ ಜೊತೆಗಾರ ಸ್ಯಾಂಡಿ ಮಾಮ ಮೂರು ಸಾಲು ಆಚೆ, ಬೇರೆ ಯಾರದೋ ಕಲ್ಲಿನ ಮುಂದೆ ಟೋಪಿ ತೆಗೆದು ನಿಂತು, "ಏನೋ ಹ್ಯಾಡಿ, ಈ ಸಲ ಮೀನೇ ಇಲ್ಲ ಕಣೋ," ಎಂದು ಹರಟುತ್ತಿದ್ದ.

ಅವನ ತಪ್ಪಲ್ಲ. ನಿನ್ನನ್ನು ಮಣ್ಣು ಮಾಡಿದ ದಿನ ಅವನು ಆಸ್ಪತ್ರೆಯಲ್ಲಿದ್ದ. ಆ ಕಲ್ಲಿನ ಮೇಲೂ ಜಾನ್ ಮೇರ್ ಎಂದೇ ಇದೆ. ಕೆಳಗಿನ ಅಕ್ಷರಗಳಿಗೆ ಹಾವಸೆ ಕಟ್ಟಿದೆ.

ಈ ಬಂದರಿನಲ್ಲಿ ಮುತ್ತಾತಂದಿರ ಕಾಲದಿಂದಲೂ ಅರ್ಧ ಊರಿನ ಮನೆತನದ ಹೆಸರು ಮೇರ್. ಜಾನ್ ಮೇರ್ ಎಂದು ಕೂಗಿದರೆ ಏಳು ಬಾಗಿಲು ತೆರೆಯುತ್ತವೆ. ಅದಕ್ಕೇ ಮನೆಗೊಂದು ಅಡ್ಡಹೆಸರು. ದೋಣಿಯ ಆಳುಗಳ ಪಟ್ಟಿಯಲ್ಲೂ ಅದೇ, ಗೋರಿಕಲ್ಲಿನ ಮೇಲೂ ಅದೇ. ಹ್ಯಾಡಕ್ ಮೀನಿನ ತಲೆಗಾಗಿ ಅಣ್ಣತಮ್ಮಂದಿರೊಡನೆ ಹೊಡೆದಾಡುತ್ತಿದ್ದ ಮುತ್ತಾತನಿಂದ ನಮಗೆ ‘ಹ್ಯಾಡಿ’ ಬಂತು. ಶಾಲೆಯಲ್ಲಿ ಹುಡುಗಿಯರು ನನ್ನನ್ನು ಕಂಡು ಮೂಗು ಮುಚ್ಚಿಕೊಳ್ಳುತ್ತಿದ್ದುದೂ ಅದರಿಂದಲೇ.

"ಮಾಮ, ಅಪ್ಪ ಇಲ್ಲಿದ್ದಾನೆ," ಎಂದು ಕರೆದೆ.

ಕೋಲೂರಿಕೊಂಡು ಬಂದ. "ಅಯ್ಯೋ, ನಾಲ್ಕು ವರ್ಷದಿಂದ ಅವನ ಹತ್ರ ಮಾತಾಡ್ತಿದೀನಲ್ಲೇ! ಆ ಪುಣ್ಯಾತ್ಮನಾದ್ರೂ ಎದ್ದು, ನಾನಲ್ಲಪ್ಪ ಅನ್ಬಾರದಿತ್ತಾ?"

ಇಬ್ಬರೂ ನಕ್ಕೆವು. ಆಮೇಲೆ ಅವನು ನಿನ್ನ ಕಲ್ಲಿನ ಮೇಲೆ ಬೆರಳಾಡಿಸಿದ. ಜಾನ್ ಮೇರ್, ಮೀನುಗಾರ. ಬೆರಳು ಮತ್ತೆ ಮೊದಲಿನಿಂದ ಹುಡುಕಿತು.

"ಹ್ಯಾಡಿ ಎಲ್ಲಮ್ಮ?"

ಅಡ್ಡಹೆಸರು ಬೇಡವೇ ಎಂದು ಕೆತ್ತುವ ಮೊದಲು ಕಲ್ಲುಕುಟಿಗ ನನ್ನನ್ನು ಎರಡು ಸಲ ಕೇಳಿದ್ದ. ಅದಕ್ಕೂ ಮೊದಲು, ನಿನ್ನ ಮಾತು ನಿಲ್ಲುವ ಹಿಂದಿನ ದಿನ, ಅದೊಂದನ್ನು ಮರೆಯದೆ ಹಾಕಿಸು ಎಂದು ನೀನೂ ಹೇಳಿದ್ದೆ.

"ಕೆತ್ತಿದವನು ಮರೆತಿರ್ಬೇಕು, ಮಾಮ," ಅಂದೆ.